ತಿದಿಯ ಹಿಡಿ

ನದಿ ದಂಡೆಯ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು ಥಿಯೋಫಿಲ್ ಮಾಸ್ಟ್ರು. ಅದರ ಕೊಳವೆಗಳಿಗೆ ಗಾಳಿ ತುಂಬುವ ತಿದಿ ಒತ್ತಲು ಬಂದವರು, ಮುಂದೆ ಆರ್ಗನನ್ನೇ ನುಡಿಸುತ್ತ ಮುದುಕರಾದರು. ಊರಿನ ಸಭೆ ಮದುವೆಗೂ ಮಣ್ಣಿಗೂ ಹಾಡುತ್ತಿದ್ದ ರಾಗಗಳಲ್ಲಿ ಅರ್ಧಕ್ಕರ್ಧ ಅವರು ಕಟ್ಟಿದವು. ಕಟ್ಟಿದ್ದು ಯಾರೆಂದು ಹಾಡುವವರಿಗೆ ಗೊತ್ತಿರಲಿಲ್ಲ. ಅವರೂ ಹೇಳಿರಲಿಲ್ಲ.

ಈಗ ಬೆರಳು ಮಾತು ಕೇಳುತ್ತಿರಲಿಲ್ಲ. ಈಸ್ಟರಿಗೆ ಶಿಷ್ಯೆ ಗ್ರೇಟಾ ನುಡಿಸಲಿ, ಅವಳೇ ಕಟ್ಟಿದ ರಾಗವನ್ನು ಸಭೆ ಹಾಡಲಿ, ಆರ್ಗನ್ ಅವಳಿಗೆ ಒಪ್ಪಿಸಬಹುದೋ ಇಲ್ಲವೋ ಆಮೇಲೆ ಹೇಳುತ್ತೇನೆ ಎಂದು ಪಾದ್ರಿಗಳಿಗೆ ತಿಳಿಸಿದ್ದರು.

ಅದನ್ನು ಕೇಳಿದಂದಿನಿಂದ ಹಿಗ್ಗಿನಲ್ಲಿ ಗ್ರೇಟಾಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಹಬ್ಬದ ಹಿಂದಿನ ದಿನ ಗಾಯಕರ ತಂಡದ ಜೊತೆ ಅಭ್ಯಾಸ ನಡೆಯಿತು. ಹಾಡುತ್ತಿದ್ದವರು ನಡುವೆಯೇ ಬಾಯಿ ಮುಚ್ಚಿ, ಅವಳ ಕೈಗಳನ್ನೇ ನೋಡುತ್ತಾ ನಿಂತುಬಿಟ್ಟರು. ಅವರೆಲ್ಲ ಹೋದ ಕೂಡಲೇ ಅವಳು ಮಾಸ್ಟ್ರ ಬಳಿಗೆ ಓಡಿಬಂದಳು.

"ನೋಡಿದಿರಾ ಮಾಸ್ಟ್ರೇ? ಎಲ್ಲರೂ ಹಾಡುವುದನ್ನೇ ಬಿಟ್ಟು ಕೇಳಿದರು."

"ನೋಡಿದೆ. ಇನ್ನೊಮ್ಮೆ ನುಡಿಸು."

ತಿದಿ ಒತ್ತುವವನನ್ನು ಚಹಾ ಕುಡಿಯಲು ಕಳಿಸಿ, ಮಾಸ್ಟ್ರು ತಾವೇ ಆರ್ಗನಿನ ಹಿಂದೆ ಹೋಗಿ ಮರದ ಹಿಡಿಗೆ ಕೈ ಹಾಕಿದರು.

ಮೊದಲ ಸಾಲು ಗಂಭೀರವಾಗಿ ಹೊರಟಿತು. ಎರಡನೆಯದು ಎಲ್ಲೂ ನಿಲ್ಲದೆ ಅದರ ಹೆಗಲೇರಿ ಮೇಲಕ್ಕೆ ಹೋಗಬೇಕು. ಗ್ರೇಟಾಳಿಗೆ ಹೆಮ್ಮೆ ಇದ್ದದ್ದೇ ಆ ಏರಿನ ಮೇಲೆ. ಅಲ್ಲಿಗೆ ಬರುವಾಗ ಸ್ವರ ನರಳಿತು, ಕುಸಿಯಿತು, ಸತ್ತೇಹೋಯಿತು.

"ಎಂತ ಮಾಸ್ಟ್ರೇ, ಗಾಳಿ ನಿಂತಿತಲ್ಲ."

"ಇನ್ನೊಮ್ಮೆ."

ಮತ್ತೆ ಅದೇ ಜಾಗ. ಗಾಳಿ ನಿಲ್ಲುವ ಮೊದಲೇ ದಾಟಿಬಿಡೋಣವೆಂದು ಅವಳು ಓಡಿಸಿ ನುಡಿಸಿದಳು. ಆಗಲೂ ಅಷ್ಟೇ. ತಡೆಯಲಾರದೆ ಎದ್ದು ಹಿಂದಕ್ಕೆ ಹೋದಳು. ಮಾಸ್ಟ್ರು ಹಿಡಿಗೆ ಒರಗಿ ಏದುಸಿರು ಬಿಡುತ್ತಿದ್ದರು.

"ಕೈಯಲ್ಲಿ ಆಗದಿದ್ದರೆ ಅವನನ್ನೇ ಕರೆಯುತ್ತೇನೆ," ಎಂದಳು, ಸ್ವಲ್ಪ ಚುಚ್ಚಿಯೇ.

"ಕೈಯಲ್ಲಿ ಆಗುತ್ತದೆ ಮಗಾ. ಎದೆಯಲ್ಲಿ ಆಗುವುದಿಲ್ಲ. ನಿನ್ನ ಹಾಡನ್ನು ಹಾಡಿಕೊಂಡೇ ಒತ್ತಿದೆ. ಉಸಿರು ಮುಗಿದಲ್ಲಿ ಕೈ ಬಿಟ್ಟೆ."

"ಅಲ್ಲಿ ನಿಲ್ಲಿಸಿದರೆ ರಾಗದ ಚೆಂದವೇ ಹೋಗುತ್ತದೆ."

"ಯಾರ ಬಾಯಲ್ಲಿ?"

ಗ್ರೇಟಾಳಿಗೆ ಸಿಟ್ಟು ಬಂತು. ತೋರಿಸಿಯೇ ಬಿಡುತ್ತೇನೆಂದು ಅಲ್ಲೇ ನಿಂತು ಎತ್ತರದ ದನಿಯಲ್ಲಿ ಹಾಡಿದಳು. ಅದೇ ಏರಿನಲ್ಲಿ ಉಸಿರು ಕಟ್ಟಿ ಕೆಮ್ಮು ಬಂತು. ಕೆಮ್ಮುತ್ತ ಕೆಮ್ಮುತ್ತಲೇ ನಗು ಬಂತು. ಮಾಸ್ಟ್ರು ನಗಲಿಲ್ಲ, ಪೆನ್ಸಿಲ್ ಕೊಟ್ಟರು.

ಸಂಜೆಯವರೆಗೂ ಅವಳು ಆರ್ಗನ್ ಮುಟ್ಟಲಿಲ್ಲ. ಹಾಡಿದಳು, ಅಳಿಸಿದಳು, ಬರೆದಳು, ಮತ್ತೆ ಹಾಡಿದಳು.

ಈಸ್ಟರ್ ಬೆಳಿಗ್ಗೆ ಚರ್ಚು ತುಂಬಿತ್ತು. ಮೊದಲ ಚರಣದಲ್ಲಿ ಸಭೆ ರಾಗವನ್ನು ತಡವರಿಸಿತು. ಎರಡನೆಯದರಲ್ಲಿ ಹಿಡಿಯಿತು. ಮೂರನೆಯದರಲ್ಲಿ, ಆ ಏರಿಗೆ ಮೊದಲು, ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡ ಸದ್ದು ಗ್ರೇಟಾಳ ಬೆನ್ನಿಗೆ ಬಂದು ತಾಗಿತು. ಅದರ ಬೆನ್ನಿಗೇ ಹಾಡು. ಕಿಟಕಿ ಗಾಜು ಅದುರಿತು, ಗ್ರೇಟಾಳ ಮೈಯೆಲ್ಲ ಜುಮ್ಮೆಂದಿತು. ಅವಳ ಬೆರಳು ಒತ್ತುತ್ತಿತ್ತು, ಕಾಲು ಕೆಳಗಿನ ಸ್ವರಪಟ್ಟಿಗಳನ್ನು ತುಳಿಯುತ್ತಿತ್ತು, ಕಿವಿಗೆ ಮಾತ್ರ ಜನರ ದನಿಯ ಹೊರತು ಏನೂ ಕೇಳುತ್ತಿರಲಿಲ್ಲ.

ಅವಳ ಮುಂದೆ ಆರ್ಗನಿಗೆ ಸಿಕ್ಕಿಸಿದ್ದ ಕನ್ನಡಿಯಲ್ಲಿ ಬೆನ್ನ ಹಿಂದಿನ ಸಭೆ ಕಾಣುತ್ತಿತ್ತು. ಕೊನೆಯ ಬೆಂಚಿನಲ್ಲಿ, ಹೆಂಚಿನ ಕಾರ್ಖಾನೆಯವರ ನಡುವೆ, ಕೊರಳ ನರ ಉಬ್ಬಿಸಿಕೊಂಡು ಹಾಡುತ್ತಿದ್ದವರು ಥಿಯೋಫಿಲ್ ಮಾಸ್ಟ್ರು. ಅವರು ಹಾಡಿದ್ದನ್ನು ಆ ಚರ್ಚಿನಲ್ಲಿ ಯಾರೂ ಕಂಡಿರಲಿಲ್ಲ.

ಆರಾಧನೆ ಮುಗಿದದ್ದೇ ಅವಳು ಜನರನ್ನು ಸರಿಸಿಕೊಂಡು ಅವರ ಬಳಿಗೆ ಓಡಿದಳು.

"ಮಾಸ್ಟ್ರೇ, ನನ್ನ ಆರ್ಗನ್ ನನಗೇ ಕೇಳಿಸಲಿಲ್ಲ."

ಅಷ್ಟರಲ್ಲಿ ಪಾದ್ರಿಗಳೂ ಬಂದರು. ಆರ್ಗನಿನ ಬಗ್ಗೆ ಏನು ತೀರ್ಮಾನಿಸಿದಿರಿ ಎಂದು ಕೇಳಿದರು.

ಮಾಸ್ಟ್ರು ಗ್ರೇಟಾಳ ಕಡೆ ತಿರುಗಿದರು.

"ಮುಂದಿನ ಭಾನುವಾರ ಯಾವ ಹಾಡು ಅಂತ ಮೊದಲೇ ಹೇಳು ಮಗಾ. ನಮ್ಮಂಥ ಹಾಡುವವರಿಗೆ ಅಭ್ಯಾಸ ಬೇಕಾಗುತ್ತದೆ."