ಸಾಹೇಬರಿಗೆ ಬೀಸಿದ ಗಾಳಿ

ಮಠದ ದಾಸೋಹದ ಉಸ್ತುವಾರಿ ಹೊತ್ತಿದ್ದ ಅಡವೀಶ ಒಂದು ದಿನ ಗುರುಗಳ ಮುಂದೆ ಕುಳಿತು ಕೇಳಿದ: “ಗುರುಗಳೇ, ಬೇಳೆ ದಂಡವಾಗುತ್ತಿದೆ ಎಂದು ಸಾರಿಗೆ ಹಾಕುವ ಅಳತೆಯನ್ನು ತಗ್ಗಿಸಿದೆ. ನಾನೂ ಪಂಕ್ತಿಯಲ್ಲಿ ಕುಳಿತು ಅದನ್ನೇ ಉಣ್ಣುತ್ತೇನೆ. ಸಾರು ಗಟ್ಟಿಯಾಗಿಯೇ ಇದೆ. ಆದರೂ ನಾಲ್ವರು ವಿದ್ಯಾರ್ಥಿಗಳು ಅದು ಬರೀ ನೀರು ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಕಣ್ಣೆದುರೇ ಸುಳ್ಳು ಹೇಳುವವರನ್ನು ಮಠದಲ್ಲಿ ಇಟ್ಟುಕೊಳ್ಳುವುದು ಹೇಗೆ? ನಾಳೆಯೇ ಅವರನ್ನು ಊರಿಗೆ ಕಳುಹಿಸಲೇ?”

“ಕಳುಹಿಸುವೆಯಂತೆ, ಅವಸರವೇನು? ಮೊದಲು ಇದನ್ನು ಕೇಳು,” ಎಂದು ಗುರುಗಳು ಹೇಳತೊಡಗಿದರು.

ಒಂದು ನಗರದಲ್ಲಿ ನೆಲದಡಿಯಲ್ಲಿ ರೈಲು ಓಡುತ್ತಿತ್ತು. ನಿಲ್ದಾಣವೂ ನೆಲದಡಿಯಲ್ಲೇ. ಅಲ್ಲಿ ಕಿಟಕಿಯಿಲ್ಲ. ಹೊರಗಿನ ಗಾಳಿ ತಾನಾಗಿ ಕೆಳಗೆ ಇಳಿಯುವುದಿಲ್ಲ. ದೊಡ್ಡ ದೊಡ್ಡ ಫ್ಯಾನುಗಳು ಅದನ್ನು ಮೇಲಿನಿಂದ ಎಳೆದು ತುಂಬಬೇಕು, ಕೆಟ್ಟ ಗಾಳಿಯನ್ನು ಹೊರಗೆ ತಳ್ಳಬೇಕು. ಅವು ತಿನ್ನುವ ವಿದ್ಯುತ್ತು ಅಷ್ಟಿಷ್ಟಲ್ಲ. ಆ ಫ್ಯಾನುಗಳ ಹೊಣೆ ಒಬ್ಬ ಅಧಿಕಾರಿಯದು. ಒಳ್ಳೆಯ ಮನುಷ್ಯ. ಸುಮ್ಮನೆ ಒಂದು ದೀಪ ಉರಿದರೂ ಅವನಿಗೆ ಸಂಕಟವಾಗುತ್ತಿತ್ತು.

ಆಗಾಗ ಅವನು ನಿಲ್ದಾಣಕ್ಕೆ ಬರುವನು. ಮೆಟ್ಟಿಲಿಳಿದು, ಪ್ಲಾಟ್‌ಫಾರ್ಮಿನಲ್ಲಿ ನಿಂತು, ಎದೆ ತುಂಬ ಉಸಿರೆಳೆದು ನೋಡುವನು. ಗಾಳಿ ತಂಪಾಗಿ ಬೀಸುತ್ತಿರುವುದು. ಇಷ್ಟೊಂದು ಯಾಕೆ ಬೇಕು ಎಂದುಕೊಂಡು, ಫ್ಯಾನುಗಳ ವೇಗವನ್ನು ಒಂದಿಷ್ಟು ಇಳಿಸಲು ಹೇಳಿ ಹೋಗುವನು. ಮತ್ತೆ ಬಂದಾಗಲೂ ಅದೇ ತಂಪು. ಮತ್ತೆ ಒಂದಿಷ್ಟು ಇಳಿಸುವನು. ಎಷ್ಟು ಇಳಿಸಿದರೂ ಗಾಳಿ ಕಡಿಮೆಯಾಗದ್ದನ್ನು ಕಂಡು ಅವನಿಗೆ ತನ್ನ ಜಾಣತನದ ಮೇಲೆಯೇ ಪ್ರೀತಿ ಬಂತು.

ಪ್ಲಾಟ್‌ಫಾರ್ಮ್ ಕಾಯುವ ಹೆಂಗಸೊಬ್ಬಳು ಅವನ ಕಚೇರಿಗೆ ಬಂದಳು. “ಸಾರ್, ಸಂಜೆ ಜನ ತುಂಬ್ಕೊಂಡ್ರೆ ಉಸಿರಾಡಕ್ಕೇ ಆಗಲ್ಲ. ಧೂಳು ಗಂಟಲಲ್ಲೇ ಕೂತ್ಕೊಳ್ಳುತ್ತೆ. ನಿನ್ನೆ ಒಬ್ಬ ಬಸುರಿ ನಿಂತಲ್ಲೇ ಕುಸಿದುಬಿಟ್ಲು,” ಎಂದಳು.

“ನಾನು ಬಂದಾಗಲೆಲ್ಲ ಅಲ್ಲಿ ತಣ್ಣಗೆ ಗಾಳಿ ಬೀಸ್ತಿರುತ್ತಲ್ಲಮ್ಮ. ನನ್ನ ಮೂಗೇನು ಸುಳ್ಳು ಹೇಳುತ್ತಾ?” ಎಂದ ಅಧಿಕಾರಿ.

ಅವಳು ತಲೆ ತಗ್ಗಿಸಿಕೊಂಡು ಹೋದಳು. ಕೆಲಸ ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿದ್ದಾಳೆ ಎಂದು ಅವನಿಗೆ ಸಿಟ್ಟು ಬಂತು. ಈ ತಿಂಗಳು ಮುಗಿದ ಮೇಲೆ ಅವಳು ಬೇಡ ಎಂದುಬಿಟ್ಟ. ಅವಳ ಮನೆಯ ಒಲೆ ಉರಿಯುತ್ತಿದ್ದದ್ದು ಆ ಸಂಬಳದಿಂದ.

ಅದೇ ವಾರ ಒಂದು ಸಂಜೆ ಅಧಿಕಾರಿಯ ಕಾರು ದಾರಿಯಲ್ಲಿ ಕೆಟ್ಟು ನಿಂತಿತು. ಅವನು ಎಲ್ಲರಂತೆ ಟಿಕೆಟ್ ತೆಗೆದುಕೊಂಡು ರೈಲು ಹತ್ತಿ, ಅದೇ ನಿಲ್ದಾಣದಲ್ಲಿ ಇಳಿದ. ಇಳಿದವನಿಗೆ ಉಸಿರು ಸಿಕ್ಕಲಿಲ್ಲ. ಮೈಗೆ ಮೈ ತಾಗುವ ಜನ, ಬೆವರಿನ ನಾತ, ಕಾದ ಕಬ್ಬಿಣದ ವಾಸನೆ. ತಲೆ ಗಿರ್ರೆಂದಿತು. ಮೆಟ್ಟಿಲವರೆಗೂ ನಡೆಯಲಾಗದೆ ಕಂಬಕ್ಕೆ ಒರಗಿ ಕುಳಿತುಬಿಟ್ಟ. ಆ ಹೆಂಗಸು ಓಡಿ ಬಂದು ತನ್ನ ಟೋಪಿಯಿಂದಲೇ ಅವನಿಗೆ ಗಾಳಿ ಹಾಕಿದಳು. ಅವಳಿಗೆ ಅದು ದಿನದ ಕೆಲಸ. ಮುಖ ನೋಡಿದ್ದು ಆಮೇಲೆ. ನೋಡಿದವಳು ಗಾಬರಿಯಾಗಿ ಸ್ಟೇಷನ್ ಮಾಸ್ತರನನ್ನು ಕೂಗಿದಳು.

ಮಾಸ್ತರ ಬಂದು ನೋಡಿ, ಬಂದ ಹೆಜ್ಜೆಯಲ್ಲೇ ತಿರುಗಿ ಓಡಿದ. ಸ್ವಲ್ಪ ಹೊತ್ತಿಗೆ ಗೋಡೆಗಳ ಹಿಂದಿನಿಂದ ಗುಂಯ್ ಎಂಬ ಸದ್ದು ಎದ್ದಿತು. ತಂಪಾದ ಗಾಳಿ ಬೀಸಿತು. ಅಧಿಕಾರಿಗೆ ಚೆನ್ನಾಗಿ ಪರಿಚಯವಿದ್ದ ಗಾಳಿ ಅದು.

“ಇಷ್ಟು ಹೊತ್ತು ಇದು ಎಲ್ಲಿತ್ತು?” ಎಂದು ಅವನು ಕೇಳಿದ.

ಮಾಸ್ತರ ಕೈಕಟ್ಟಿ ನಿಂತು, “ತಪ್ಪಾಯ್ತು ಸಾರ್. ತಾವು ಬರೋದು ಇವತ್ತು ಮೊದಲೇ ಗೊತ್ತಾಗ್ಲಿಲ್ಲ,” ಎಂದ.

ಅಧಿಕಾರಿಯ ಕಾರು ಕಚೇರಿ ಬಿಟ್ಟ ಕೂಡಲೇ ನಿಲ್ದಾಣಕ್ಕೆ ಫೋನು ಬರುತ್ತಿತ್ತು. ಫೋನು ಬಂದೊಡನೆ ಫ್ಯಾನುಗಳೆಲ್ಲ ಪೂರ್ತಿ ವೇಗದಲ್ಲಿ ತಿರುಗುತ್ತಿದ್ದವು. ಮೋಸ ಮಾಡಬೇಕೆಂದು ಯಾರಿಗೂ ಇರಲಿಲ್ಲ. ದೊಡ್ಡವರು ಬಂದಾಗ ಬೆವರಬಾರದು ಎಂಬ ಮರ್ಯಾದೆ, ಅಷ್ಟೇ. ಕಾವಲಿನ ಹೆಂಗಸಿಗೂ ಇದು ತಿಳಿದಿರಲಿಲ್ಲ. ಅವನು ಬರುವ ದಿನ ಸೆಲ್ಯೂಟ್ ಹೊಡೆಯಲೆಂದು ಅವಳನ್ನು ಮೇಲಿನ ಬಾಗಿಲಲ್ಲಿ ನಿಲ್ಲಿಸುತ್ತಿದ್ದರು.

ಅಧಿಕಾರಿಗೆ ನಾಚಿಕೆಯಾಯಿತು. ಅವಳ ಕೈಹಿಡಿದು ಕ್ಷಮೆ ಕೇಳುವಷ್ಟು ಧೈರ್ಯ ಬರಲಿಲ್ಲ, ಕೆಲಸವನ್ನಂತೂ ಉಳಿಸಿದ. ಜನ ಹೆಚ್ಚಿದಾಗ ಗಾಳಿ ಹೆಚ್ಚು, ಜನ ಕರಗಿದಾಗ ಕಡಿಮೆ ಎಂದು ಹೊಸ ಕ್ರಮ ಮಾಡಿದ. ವಿದ್ಯುತ್ತು ಹಾಗೆಯೂ ಸಾಕಷ್ಟು ಉಳಿಯಿತು. ಮುಂದೆ ಅವನು ಅಲ್ಲಿಗೆ ಬರುವಾಗ ಯಾರಿಗೂ ಹೇಳದೆ, ರೈಲಿನಲ್ಲೇ ಬರುತ್ತಿದ್ದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಅಡವೀಶ, “ಆದರೆ ನಾನು ಮುಂಚೆ ಹೇಳಿ ಕಳುಹಿಸಿ ಊಟಕ್ಕೆ ಹೋಗುವವನಲ್ಲ, ಗುರುಗಳೇ. ಎಲ್ಲರ ಜೊತೆಯಲ್ಲೇ ಕೂರುತ್ತೇನೆ. ಎಲ್ಲರಿಗೂ ಅದೇ ಪಾತ್ರೆಯ ಸಾರು,” ಎಂದ.

“ಅಡವೀಶ, ನಿನಗೆ ಬಡಿಸುವಾಗ ಸೌಟು ಪಾತ್ರೆಯ ತಳ ಮುಟ್ಟುತ್ತದೆ, ಅವರಿಗೆ ಬಡಿಸುವಾಗಲೂ ಮುಟ್ಟುತ್ತದೆಯೇ?” ಎಂದರು ಗುರುಗಳು.

ಅಂದು ಊಟದ ಹೊತ್ತಿಗೆ ಅಡವೀಶ ಪಂಕ್ತಿಯಲ್ಲಿ ಕೂರದೆ, ಆ ನಾಲ್ವರ ತಟ್ಟೆಗೆ ಬಿದ್ದ ಸಾರನ್ನು ನೋಡಲು ಹೋದ.