ಕೇಳಿಸುವಷ್ಟು ವೇಗ

ಹೊಳೆಯ ದಂಡೆಯ ಮೇಲೆ ದ್ಯಾವಪ್ಪ ಮೇಷ್ಟ್ರ ಟ್ರಯಥ್ಲಾನ್ ಕ್ಲಬ್ಬು. ಹೊಳೆಯಲ್ಲಿ ಈಜಿ, ಎದ್ದು ಸೈಕಲ್ ಹತ್ತಿ, ಇಳಿದು ಓಡುವವರ ಕೂಟ ಅದು. ಒಂದು ತಗಡಿನ ಶೆಡ್ಡು, ಒಂದು ಹೊಂಗೆ ಮರ, ಮರಕ್ಕೆ ಒರಗಿದ ಹತ್ತಾರು ಸೈಕಲ್ಲು. ಅಷ್ಟೇ.

ಸ್ಪರ್ಧೆಗಳು ಮುಗಿದು ಚಳಿ ಬಿತ್ತೆಂದರೆ ಮೇಷ್ಟ್ರು ಎಲ್ಲರ ಕೈಗಡಿಯಾರ ಬಿಚ್ಚಿಸಿಬಿಡುತ್ತಿದ್ದರು. ಎರಡು ತಿಂಗಳು ಮೈಗೆ ಬಿಡುವು. ಓಡಬಹುದು, ಆದರೆ ಇಬ್ಬಿಬ್ಬರಾಗಿ. ಒಬ್ಬರು ಕಥೆ ಹೇಳಬೇಕು, ಇನ್ನೊಬ್ಬರು ಕೇಳಬೇಕು. ಹೇಳುವವರಿಗೆ ಏದುಸಿರು ಬಂದು ಕಥೆ ನಿಂತರೆ, ಮತ್ತೆ ಉಸಿರು ಕೂಡುವವರೆಗೆ ಇಬ್ಬರೂ ನಡೆಯಬೇಕು.

ಸುಕನ್ಯಾ ಆ ಕ್ಲಬ್ಬಿಗೇ ಚುರುಕು. ಆದರೆ ಈ ಸಲದ ಕೊನೆಯ ಸ್ಪರ್ಧೆಯಲ್ಲಿ, ಮುಕ್ತಾಯದ ಗೆರೆ ಕಣ್ಣಿಗೆ ಕಾಣುತ್ತಿದ್ದಾಗಲೇ ಬಿದ್ದುಬಿಟ್ಟಿದ್ದಳು. ಬಲ ಮೊಣಕಾಲಿನ ಕೆಳಗೆ ನೋವು ಉಳಿದಿತ್ತು.

ಡಾಕ್ಟರು ಹೇಳಿದ್ದರು: “ಎರಡು ತಿಂಗಳು ಹಗುರವಾಗಿ ಓಡಾಡು. ಇಲ್ಲದಿದ್ದರೆ ಮೂಳೆ ಬಿರುಕು ಬಿಡುತ್ತೆ. ಆಮೇಲೆ ಓಟದ ಮಾತೇ ಇಲ್ಲ.”

ಯುಗಾದಿ ಕಳೆದ ಮೇಲೆ ರಾಜ್ಯ ತಂಡದ ಆಯ್ಕೆಯಿತ್ತು. ಸುಕನ್ಯಾಳ ತಲೆಯಲ್ಲಿ ನಿಂತದ್ದು ಅದೊಂದೇ.

ಮೇಷ್ಟ್ರು ಅವಳಿಗೆ ಜೊತೆ ಮಾಡಿದ್ದು ಜುಬೇದಾ ಆಪಾರನ್ನು. ಬಟ್ಟೆ ಹೊಲಿಯುವ ಹೆಂಗಸು, ಐವತ್ತೆರಡು ವಯಸ್ಸು, ಕ್ಲಬ್ಬಿನಲ್ಲಿ ಎಲ್ಲರಿಗಿಂತ ಹಿಂದೆ.

“ಹೇಳವ್ವ ಕಥೆ,” ಎಂದರು ಆಪಾ, ಹೊಳೆಯ ಏರಿಯ ಮೇಲೆ ಹೊರಡುತ್ತ.

ಸುಕನ್ಯಾ ಉಪಾಯ ಹೂಡಿದಳು.

“ಒಂದು ಊರು. ಒಬ್ಬ ರಾಜ. ಸತ್ತ.”

“ಅಯ್ಯೋ! ರಾಣಿ?”

“ಅವಳೂ ಸತ್ತಳು.”

“ಇದೇನು ತಾಯಿ, ಕಥೆಯೋ, ತಂತಿ ಸುದ್ದಿಯೋ?” ಎನ್ನುವಷ್ಟರಲ್ಲಿ ಸುಕನ್ಯಾ ಐವತ್ತು ಮಾರು ಮುಂದಿದ್ದಳು.

ಮರುದಿನ ಅವಳು ಮೇಷ್ಟ್ರ ಮುಂದೆ ಹೋಗಿ ನಿಂತಳು. ಅವರು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು.

“ಮೇಷ್ಟ್ರೇ, ವರ್ಷವಿಡೀ ಬೆವರು ಸುರಿಸಿ ಗಳಿಸಿದ ವೇಗ. ಎರಡು ತಿಂಗಳು ಹೀಗೆ ತೂಕಡಿಸಿದರೆ ಎಲ್ಲ ಹೋಗುತ್ತೆ.”

“ರಾಣಿ ಯಾಕೆ ಸತ್ತಳು?” ಎಂದರು ಮೇಷ್ಟ್ರು.

“ಯಾವ ರಾಣಿ?”

“ಆಪಾ ನಿನ್ನೆಯಿಂದ ಕೇಳುತ್ತಿದ್ದಾರೆ. ನನಗೂ ಗೊತ್ತಿಲ್ಲ.”

ಸುಕನ್ಯಾಳಿಗೆ ಸಿಟ್ಟು ಬಂತು. ಮರುದಿನದಿಂದ ಅವಳು ನಸುಕಿನಲ್ಲೇ ಎದ್ದು, ಕ್ಲಬ್ಬಿನವರು ಬರುವ ಮೊದಲು ನಾಲೆಯ ದಾರಿಯಲ್ಲಿ ಒಬ್ಬಳೇ ಓಡತೊಡಗಿದಳು. ಮೈ ಮುರಿಯುವಂತೆ ಓಡಿ, ಮುಖ ತೊಳೆದು, ಏನೂ ಅರಿಯದವಳಂತೆ ಬಂದು ಆಪಾರ ಪಕ್ಕದಲ್ಲಿ ನಿಲ್ಲುತ್ತಿದ್ದಳು.

ಹತ್ತು ದಿನ ಕಳೆಯಿತು. ಹನ್ನೊಂದನೆಯ ದಿನ ಅವಳು ಬಲಗಾಲನ್ನು ನೆಲವನ್ನು ಕೇಳಿ ಕೇಳಿ ಊರುತ್ತಿದ್ದಳು.

ಮೇಷ್ಟ್ರು ನೋಡಿದರು. ಕಾಲಿನ ಮಾತೆತ್ತಲಿಲ್ಲ.

“ಆಪಾ, ಇವತ್ತು ನೀವು ಒಬ್ಬರೇ ಹೊರಡಿ. ಈ ಹುಡುಗಿಯ ಕಥೆ ನಾನು ಕೇಳುತ್ತೇನೆ.”

“ಚಿಕ್ಕ ಕಥೆ ಮೇಷ್ಟ್ರೇ, ಚಪ್ಪಲಿ ಹಾಕಿಕೊಳ್ಳುವುದರೊಳಗೆ ಮುಗಿಯುತ್ತೆ,” ಎಂದು ನಕ್ಕು, ಆಪಾ ಮೊದಲು ಎರಡು ತೋಳು ನೀರಿನಲ್ಲಿ ಆಡಿಸಿ ಬರುತ್ತೇನೆಂದು ಹೊಳೆಗಿಳಿದರು.

“ಯಾವ ಕಥೆ ಹೇಳಲಿ?” ಎಂದಳು ಸುಕನ್ಯಾ.

“ಬಿದ್ದ ದಿನದ್ದು.”

ಅವಳು ತುಟಿ ಕಚ್ಚಿದಳು. ನೋವು ನುಂಗಿ ಓಟ ಹಿಡಿದಳು. “ಬಿಸಿಲಿತ್ತು. ಕಾಲು ಸೋತಿತು. ಬಿದ್ದೆ.”

ತಿರುಗಿ ನೋಡಿದರೆ ಮೇಷ್ಟ್ರು ಅಷ್ಟು ಹಿಂದೆ, ಕೈ ಬೆನ್ನಿಗೆ ಕಟ್ಟಿಕೊಂಡು ನಡೆದು ಬರುತ್ತಿದ್ದಾರೆ. ಅವಳು ವಾಪಸು ಬಂದಳು.

“ಕೇಳಿಸಲಿಲ್ಲ,” ಎಂದರು ಮೇಷ್ಟ್ರು.

“ಬಿಸಿಲಿತ್ತು, ಕಾಲು ಸೋತು ಬಿದ್ದೆ.” ಮತ್ತೆ ಓಡಿದಳು. “ಆಮೇಲೆ ಎತ್ತಿ ನೆರಳಿಗೆ ಹಾಕಿದರು!” ಎಂದು ಅಲ್ಲಿಂದಲೇ ಕೂಗಿದಳು.

ಮೇಷ್ಟ್ರು ಕಿವಿಗೆ ಕೈ ಅಡ್ಡ ಹಿಡಿದರು. ಅವಳು ಮತ್ತೆ ವಾಪಸು ಬಂದಳು.

ಮೂರನೆಯ ಸಲ ಬಂದಾಗ ಕಾಲು ಸುಡುತ್ತಿತ್ತು. ಮೇಷ್ಟ್ರ ಪಕ್ಕದಲ್ಲಿ ನಡೆಯತೊಡಗಿದಳು.

“ಎತ್ತಿ ನೆರಳಿಗೆ ಹಾಕಿದವರು ಯಾರು?” ಎಂದರು ಮೇಷ್ಟ್ರು.

“ಅಪ್ಪ.”

“ಅವರೂ ಬಂದಿದ್ದರೇ?”

“ಟೆಂಪೊ ಮಾಡಿಕೊಂಡು ಬೀದಿಯವರನ್ನೆಲ್ಲ ಕರೆತಂದಿದ್ದರು. ನಾನು ಗೆಲ್ಲುವುದನ್ನು ತೋರಿಸಲಿಕ್ಕೆ. ಹಂಚಲಿಕ್ಕೆ ಮೈಸೂರುಪಾಕು ಬೇರೆ.”

ಮೇಷ್ಟ್ರು ನಡೆದರು. ಅವಳೂ ನಡೆದಳು.

“ವಾಪಸು ಬರುವಾಗ ಡ್ರೈವರು ಹಾಡು ಹಾಕಿದ. ಅಪ್ಪ ನಿಲ್ಲಿಸು ಎಂದರು. ಆಮೇಲೆ ಎರಡು ಗಂಟೆ ಯಾರೂ ಮಾತಾಡಲಿಲ್ಲ, ಮೇಷ್ಟ್ರೇ. ಹೋಗುವಾಗ ಗದ್ದಲವೋ ಗದ್ದಲ ಮಾಡಿದ್ದ ಜನ. ಡಬ್ಬಿ ನನ್ನ ತೊಡೆಯ ಮೇಲೇ ಇತ್ತು. ಯಾರೂ ಮುಚ್ಚಳ ತೆಗೆಯಲಿಲ್ಲ.”

ಅವಳ ದನಿ ಒಡೆಯಿತು. ಆದರೆ ಉಸಿರು ಕಡಿಯಲಿಲ್ಲ. ಅಷ್ಟು ನಿಧಾನಕ್ಕೆ ನಡೆಯುತ್ತಿದ್ದರು ಅವರು.

ಅಷ್ಟರಲ್ಲಿ ಹಿಂದಿನಿಂದ ಚಪಚಪ ಸದ್ದು. ಒದ್ದೆ ಕೂದಲು, ಕೆಂಪೇರಿದ ಮುಖ. ಜುಬೇದಾ ಆಪಾ.

“ದಾರಿ ಬಿಡಿ, ದಾರಿ ಬಿಡಿ! ಸುಕನ್ಯಾನ ಹಿಂದೆ ಹಾಕಿದೆ! ನೀವೇ ಸಾಕ್ಷಿ ಮೇಷ್ಟ್ರೇ!”

ಸುಕನ್ಯಾಳ ಕಾಲು ತಾನಾಗಿ ಚಿಮ್ಮಿತು. ಒಂದು ಹೆಜ್ಜೆ. ಎರಡು.

ಮೇಷ್ಟ್ರು ತಡೆಯಲಿಲ್ಲ, ಕರೆಯಲಿಲ್ಲ. ತಮ್ಮ ಪಾಡಿಗೆ ನಡೆಯುತ್ತಲೇ ಇದ್ದರು.

ಮೂರನೆಯ ಹೆಜ್ಜೆಗೆ ಅವಳು ನಿಂತಳು. ಆಪಾ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು. ಮೇಷ್ಟ್ರು ಬಂದು ಸೇರಿಕೊಂಡ ಮೇಲೆ, ಬಿಟ್ಟಲ್ಲಿಂದ ಮುಂದುವರಿಸಿದಳು.

“ಸುಮ್ಮನೆ ಕೂತರೆ ಆ ಟೆಂಪೊದಲ್ಲೇ ಕೂತ ಹಾಗಾಗುತ್ತೆ. ಅದಕ್ಕೇ ದಿನಾ ನಸುಕಿನಲ್ಲಿ ನಾಲೆಯ ಮೇಲೆ ಕದ್ದು ಓಡುತ್ತಿದ್ದೆ.”

“ಗೊತ್ತು.”

“ಗೊತ್ತಿದ್ದೂ ಬೈಯಲಿಲ್ಲ?”

“ಬೈದಿದ್ದರೆ ನೀನು ಇನ್ನೂ ಬೇಗ ಎದ್ದು ಓಡುತ್ತಿದ್ದೆ.”

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಕಾಲಿನ ಉರಿ ಒಂದಿಷ್ಟು ಇಳಿದಿತ್ತು.

“ಅಪ್ಪ ಆಮೇಲೆ ಏನೆಂದರು?” ಎಂದು ಕೇಳಿದರು ಮೇಷ್ಟ್ರು.

“ಏನೂ ಅನ್ನಲಿಲ್ಲ. ಅವರು ಏಳುವ ಮೊದಲೇ ನಾನು ಮನೆ ಬಿಟ್ಟಿರುತ್ತೇನೆ. ಅವರು ಅಂಗಡಿಯಿಂದ ಬರುವುದು ನಾನು ಮಲಗಿದ ಮೇಲೆ. ಮೊದಲೆಲ್ಲ ಸಂಜೆ ಏಳಕ್ಕೇ ಬಾಗಿಲು ಹಾಕಿ ಬರುತ್ತಿದ್ದರು.”

ಮೇಷ್ಟ್ರು ನಿಂತರು. ಅವಳೂ ನಿಂತಳು.

“ನಾಳೆಯಿಂದ ನಾಲೆಯ ಕಡೆ ಹೋಗುವುದಿಲ್ಲ, ಮೇಷ್ಟ್ರೇ. ಡಾಕ್ಟರು ಹೇಳಿದ ಹಾಗೆ ಇರುತ್ತೇನೆ. ಆದರೆ ನಸುಕಿನಲ್ಲಿ ಎಚ್ಚರವಾಗಿಬಿಡುತ್ತೆ. ಆ ಹೊತ್ತಿನಲ್ಲಿ ಏನು ಮಾಡಲಿ?”

“ಎರಡು ಲೋಟ ಕಾಫಿ ಮಾಡಿಕೊಂಡು ಬಾಗಿಲಲ್ಲಿ ಕೂತಿರು,” ಎಂದರು ಮೇಷ್ಟ್ರು. “ನಿಮ್ಮ ಮನೆಯಲ್ಲಿ ಇನ್ನೂ ಒಬ್ಬರು ಓಡುತ್ತಿದ್ದಾರೆ.”