ಎನ್ ಕೀಲಿಯ ಮೇಲಿನ ಬೆರಳು

ಶಿಷ್ಯೆ ಇಂದುಮತಿ ಗುರುಗಳ ಮುಂದೆ ನೆಟ್ಟಗೆ ಕುಳಿತು ಕೇಳಿದಳು:

"ಗುರುಗಳೇ, ನಮ್ಮದು ನಾಲ್ಕು ತಲೆಮಾರಿನಿಂದ ಈ ಊರಿನಲ್ಲಿ ಒಳ್ಳೆಯ ಹೆಸರು ಉಳಿಸಿಕೊಂಡು ಬಂದ ಮನೆತನ. ಮುತ್ತಜ್ಜ ಶಿರಸ್ತೇದಾರರಾಗಿದ್ದರು. ಅಜ್ಜ ಶಾಲೆ ಕಟ್ಟಿಸಿದರು. ತಂದೆಯವರ ಮೇಜಿನ ಮೇಲೆ ಓರೆಯಾಗಿಟ್ಟ ಪೆನ್ಸಿಲ್ಲನ್ನು ಯಾರೂ ಕಂಡಿಲ್ಲ. ನಾನೂ ಹಾಗೆಯೇ ನಡೆದುಕೊಂಡು ಬಂದಿದ್ದೇನೆ. ನನ್ನ ಕೈಕೆಳಗೆ ಕೆಲಸ ಮಾಡುವ ಹೆಂಗಸೊಬ್ಬರು ಕಚೇರಿಯ ಕಂಪ್ಯೂಟರಿನ ಶಾರ್ಟ್‌ಕಟ್ ಕೀಲಿಗಳನ್ನು ತಮಗೆ ಬೇಕಾದಂತೆ ಬದಲಿಸಿಕೊಂಡಿದ್ದರು. ಅವರಿಗೆ ಹೇಳದೆಯೇ ಆ ಬದಲಾವಣೆಗಳನ್ನು ತೆಗೆದುಹಾಕಿದೆ. ಅವರ ಒಂದು ದಿನದ ಕೆಲಸ ಕೆಟ್ಟಿತು. ಮರುದಿನ ಯಾರಿಗೂ ತಿಳಿಯದಂತೆ ಎಲ್ಲವನ್ನೂ ಮೊದಲಿನಂತೆ ಮಾಡಿಟ್ಟೆ. ಇಷ್ಟಾದ ಮೇಲೂ ನನ್ನ ಕರ್ತವ್ಯ ಉಳಿದಿದೆಯೇ?"

ಗುರುಗಳು ಈ ಕತೆ ಹೇಳಿದರು.

ಒಂದು ಕಚೇರಿಯಲ್ಲಿ ಒಬ್ಬ ಬೆರಳಚ್ಚುಗಾರ್ತಿ ಇದ್ದಳು. ಅವಳ ಎಡಗೈ ಹುಟ್ಟಿದಂದಿನಿಂದ ಸೋತ ಕೈ. ಅದು ನೋಡಿ ಬರೆಯಬೇಕಾದ ಕಾಗದವನ್ನು ಒತ್ತಿ ಹಿಡಿಯುತ್ತಿತ್ತು, ಅಷ್ಟೇ. ಬರೆಯುವುದೆಲ್ಲ ಬಲಗೈಯದು. ಬರೆದದ್ದನ್ನು ಸೇವ್ ಮಾಡುವ ಕೀಲಿ ಎಡಗಡೆ ಇತ್ತು. ಅದಕ್ಕೆ ಕೈ ಚಾಚಿದಾಗಲೆಲ್ಲ ಅವಳ ಸಾಲು ತಪ್ಪುತ್ತಿತ್ತು. ಆದ್ದರಿಂದ ಅವಳು ಬಲಗಡೆಯ ಕಂಟ್ರೋಲ್ ಕೀಲಿಯ ಹತ್ತಿರವಿದ್ದ ಎನ್ ಕೀಲಿಯನ್ನು ಆರಿಸಿದಳು. ಅದು ಕಂಟ್ರೋಲ್ ಜೊತೆ ಒತ್ತಿದರೆ ಹೊಸ ಹಾಳೆ ತೆರೆಯುವ ಕೀಲಿ. ಆ ಕೆಲಸವನ್ನು ಅದರಿಂದ ತೆಗೆದು, ಸೇವ್ ಮಾಡುವ ಕೆಲಸವನ್ನು ಕೊಟ್ಟಳು. ಇಪ್ಪತ್ತು ವರ್ಷ ಹಾಗೆ ಬರೆದಳು. ಅವಳ ಕಣ್ಣು ಯಾವಾಗಲೂ ಕಾಗದದ ಮೇಲೆ. ಪರದೆಯನ್ನು ನೋಡುವ ಪದ್ಧತಿಯೇ ಅವಳಿಗಿರಲಿಲ್ಲ. ಒಂದು ವಾಕ್ಯ ಮುಗಿದರೆ ಬೆರಳು ತಾನಾಗಿ ಎನ್ ಕೀಲಿಗೆ ಹೋಗಿ ಬರುತ್ತಿತ್ತು.

ಅಲ್ಲಿಗೆ ಹೊಸ ಮೇಲ್ವಿಚಾರಕನೊಬ್ಬ ಬಂದ. ಅವಳು ಊಟಕ್ಕೆ ಎದ್ದಾಗ ಅವಳ ಜಾಗದಲ್ಲಿ ಕುಳಿತ. ಹೊಸ ಹಾಳೆಗೆಂದು ಎನ್ ಒತ್ತಿದ. ಹಾಳೆ ಬರಲಿಲ್ಲ.

"ಈ ಕೀಲಿಗಳಿಗೆ ಯಾರಪ್ಪ ಎರಡನೇ ಸಲ ನಾಮಕರಣ ಮಾಡಿದ್ದು?" ಎಂದ. ಪಕ್ಕದವರು ನಕ್ಕರು. ಅವನು ಎಲ್ಲ ಬದಲಾವಣೆಗಳನ್ನೂ ಒಂದೇ ಸಲಕ್ಕೆ ಅಳಿಸಿದ. ಕೀಲಿಗಳು ತಯಾರಕರು ಕೊಟ್ಟ ಸ್ಥಿತಿಗೆ ಮರಳಿದವು. ಅದು ಅವಳಿಗೆ ಹೇಳಬೇಕಾದ ವಿಷಯ ಎಂದು ಅವನಿಗೆ ಅನ್ನಿಸಲಿಲ್ಲ.

ಅವಳು ಬಂದು ಕುಳಿತಳು. ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ಅವಳು ಒಂದು ವಾಕ್ಯ ಬರೆದಳು. ಬೆರಳು ಎನ್ ಕೀಲಿಗೆ ಹೋಯಿತು. ಪರದೆಯ ಮೇಲೆ ಒಂದು ಬಿಳಿ ಹಾಳೆ ತೆರೆಯಿತು. ಅದರಲ್ಲಿ ಇನ್ನೊಂದು ವಾಕ್ಯ, ಅದರ ಮೇಲೆ ಇನ್ನೊಂದು ಬಿಳಿ ಹಾಳೆ. ನಿದ್ದೆಯಲ್ಲಿ ನಡೆಯುವವರು ಸ್ವಂತ ಮನೆಯಲ್ಲೇ ಬಾಗಿಲಾದ ಮೇಲೆ ಬಾಗಿಲು ತೆರೆಯುತ್ತ ಹೋಗುವಂತೆ ಅವಳು ಹೋದಳು. ಹಾಳೆಗಳು ಸದ್ದಿಲ್ಲದೆ ಒಂದರ ಮೇಲೊಂದು ಬಿದ್ದವು.

ಸಂಜೆ ತಲೆಯೆತ್ತಿದಳು. ಪರದೆಯ ಮೇಲೆ ಒಂದು ಖಾಲಿ ಹಾಳೆ ಇತ್ತು. ಅದನ್ನು ಸರಿಸಿದರೆ ಒಂದೇ ವಾಕ್ಯ. ಅದನ್ನು ಸರಿಸಿದರೆ ಮತ್ತೊಂದು ಹಾಳೆ, ಮತ್ತೊಂದು ವಾಕ್ಯ. ಹೀಗೆ ನೂರಕ್ಕೂ ಹೆಚ್ಚು. ಅವಳು ತನ್ನ ಬಲಗೈಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೇಲ್ವಿಚಾರಕನ ಮುಂದೆ ನಿಂತಳು.

"ಸಾರ್, ನನಗಿದ್ದದ್ದು ಒಂದೇ ಕೈ. ಅದಕ್ಕೂ ಮರೆವು ಬಂತು. ನಾಳೆಯಿಂದ ನಾನು ಬರುವುದಿಲ್ಲ."

ಏನಾಯಿತೆಂದು ಅವನಿಗೆ ಆ ಕ್ಷಣವೇ ತಿಳಿಯಿತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಮಧ್ಯಾಹ್ನ ನಕ್ಕವರೆಲ್ಲ ಅಲ್ಲೇ ಇದ್ದರು.

"ಎಷ್ಟು ದಿನ ಅಂತ ದುಡಿಯುತ್ತೀರಮ್ಮ? ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ" ಎಂದ. ತುಂಬ ಮೃದುವಾಗಿ ಹೇಳಿದ. ಅವಳು ಕೈಮುಗಿದು ಹೋದಳು.

ಅಂದಿನಿಂದ ಅವಳು ಒಲೆ ಆರಿಸಿದ ಮೇಲೂ, ಅದು ಆರಿದೆಯೇ ನೋಡಿ ಎಂದು ಪಕ್ಕದ ಮನೆಯವರನ್ನು ಕರೆಯುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಇಂದುಮತಿ ಸೆರಗು ಸರಿಮಾಡಿಕೊಂಡಳು.

"ಆ ಮನುಷ್ಯ ಏನನ್ನೂ ಹಿಂದಿರುಗಿಸಲಿಲ್ಲ. ನಾನು ಹಿಂದಿರುಗಿಸಿದ್ದೇನೆ. ನಮ್ಮ ಕಚೇರಿಯ ಹೆಂಗಸು ಇಂದಿಗೂ ಕೆಲಸಕ್ಕೆ ಬರುತ್ತಿದ್ದಾರೆ."

"ಬರೆಯುವಾಗ ಎಲ್ಲಿ ನೋಡುತ್ತಾರೆ?"

ಇಂದುಮತಿ ಉತ್ತರಿಸಿದಳು. "ಮೊದಲು ಕಾಗದವನ್ನು ನೋಡುತ್ತಿದ್ದರು. ಈಗ ಸಾಲಿಗೊಮ್ಮೆ ತಮ್ಮ ಬೆರಳನ್ನು ನೋಡುತ್ತಾರೆ."

ಗುರುಗಳು ಹೇಳಿದರು: "ನಾಳೆ ಬೆಳಿಗ್ಗೆ ಕಚೇರಿ ತುಂಬಿದ ಮೇಲೆ, ಎಲ್ಲರ ಎದುರಿಗೆ, ಅವರ ಕ್ಷಮೆ ಕೇಳು."